ವಿಶಾಖಾ ಅಂದ್ರೆ ಯಾರು?

ಐಟಿ ಕಂಪನಿಯಲ್ಲೋ ಬ್ಯಾಂಕಿನಲ್ಲೋ ಕೆಲಸ ಮಾಡೋರಿಗೆ ಇದನ್ನ ವಿವರಿಸಿ ಹೇಳಬೇಕಿಲ್ಲ. ವರ್ಷಕ್ಕೊಂದು ಸಲ ಎಚ್ಆರ್‌ನಿಂದ ಮೇಲ್ ಬರುತ್ತೆ: ನಿಮ್ಮ 'ಪಾಶ್' ಟ್ರೈನಿಂಗ್ ಬಾಕಿ ಇದೆ, ಶುಕ್ರವಾರ ಕೊನೇ ದಿನ. ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಬಂದು, ಒಂದು ಕಿವಿಯಲ್ಲಿ ಹೆಡ್‌ಫೋನ್ ಹಾಕ್ಕೊಂಡು, ಇನ್ನೊಂದು ಸ್ಕ್ರೀನಿನಲ್ಲಿ ಕೆಲಸ ಮಾಡ್ತಾ, ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುತ್ತಾ ಹೋಗ್ತೀವಿ. ಕೊನೆಗೆ ಹತ್ತು ಪ್ರಶ್ನೆ, ಒಂದು ಸರ್ಟಿಫಿಕೇಟು. ಈ ಮಾಡ್ಯೂಲುಗಳಲ್ಲೆಲ್ಲ ಆರಂಭದಲ್ಲೇ ಒಂದು ಸ್ಲೈಡ್ ಇರುತ್ತೆ. ತಕ್ಕಡಿ ಹಿಡಿದ ನ್ಯಾಯದೇವತೆಯ ಚಿತ್ರ, ಪಕ್ಕದಲ್ಲಿ 'ವಿಶಾಖಾ ವರ್ಸಸ್ ಸ್ಟೇಟ್ ಆಫ್ ರಾಜಸ್ಥಾನ್, 1997'. ಅದರ ಕೆಳಗೆ ಎರಡು ಸಾಲು. ಆಮೇಲೆ ಬಾಣದ ಗುರುತು, ಅದು ತೋರಿಸೋದು 2013ರ ಕಾಯ್ದೆಯನ್ನ.

"ವಿಶಾಖಾ ಅಂದ್ರೆ ಆ ಹುಡುಗಿ ಹೆಸರಲ್ವಾ?" ಅಂತ ನಮ್ಮ ಟೀಮಿನಲ್ಲೇ ಒಬ್ಬಳು ಕೇಳಿದ್ದಳು. ಅವಳನ್ನ ನಾನು ದೂರಲ್ಲ. ಆ ಸ್ಲೈಡ್ ನೋಡಿದ ಯಾರಿಗಾದ್ರೂ ಹಾಗೇ ಅನ್ನಿಸುತ್ತೆ. ಯಾವುದೋ ಆಫೀಸಿನಲ್ಲಿ ವಿಶಾಖಾ ಅನ್ನೋ ಹುಡುಗಿಗೆ ಮ್ಯಾನೇಜರ್ ಕಾಟ ಕೊಟ್ಟಿರಬೇಕು, ಅವಳು ಕೋರ್ಟಿಗೆ ಹೋಗಿರಬೇಕು. ಕಥೆ ನಮ್ಮ ಕ್ಯುಬಿಕಲ್ಲಿನ ಅಳತೆಗೆ ಸರಿಯಾಗಿ ಹೊಂದುತ್ತೆ.

ವಿಶಾಖಾ ಅನ್ನೋದು ಜೈಪುರದ ಒಂದು ಸಂಘಟನೆಯ ಹೆಸರು. ಜಾಗೋರಿ, ಕಾಳಿ ಫಾರ್ ವಿಮೆನ್ ಮುಂತಾದ ಬೇರೆ ಸಂಸ್ಥೆಗಳ ಜೊತೆ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದು ಅದು. ಅರ್ಜಿಗೆ ಕಾರಣಳಾದ ಹೆಂಗಸಿನ ಹೆಸರು ಭಂವರೀ ದೇವಿ. ಆಕೆಗೆ ಆಫೀಸೂ ಇರಲಿಲ್ಲ, ಮ್ಯಾನೇಜರೂ ಇರಲಿಲ್ಲ. ಆಕೆ ರಾಜಸ್ಥಾನದ ಭಟೇರಿ ಅನ್ನೋ ಹಳ್ಳಿಯ ಕುಂಬಾರರ ಹೆಣ್ಣುಮಗಳು.

ನಾನಿಲ್ಲಿ ಬರೀಬೇಕು ಅಂತ ಹೊರಟಿರೋದು ಆಕೆಯ ಮೇಲೆ ಬಂದ ಒಂದು ಸಿನಿಮಾ ಬಗ್ಗೆ. ಜಗಮೋಹನ್ ಮೂಂಧ್ರಾ ಅವರ 'ಬವಂಡರ್', 2000ದಲ್ಲಿ ಬಂದದ್ದು. ಬವಂಡರ್ ಅಂದ್ರೆ ಸುಂಟರಗಾಳಿ, ಇಂಗ್ಲಿಷಿನ ಹೆಸರು 'ಸ್ಯಾಂಡ್‌ಸ್ಟಾರ್ಮ್'. ಆದರೆ ಸಿನಿಮಾ ಬಗ್ಗೆ ಮಾತಾಡುತ್ತಾ ಆ ಸ್ಲೈಡನ್ನ, ಸ್ಲೈಡಿನ ಹಿಂದಿರೋ ತೀರ್ಪನ್ನ, ತೀರ್ಪಿನ ಹಿಂದಿರೋ ವಿಶ್ವಸಂಸ್ಥೆಯ ಒಪ್ಪಂದವನ್ನ ಬಿಟ್ಟು ಮಾತಾಡೋಕೆ ಆಗ್ತಿಲ್ಲ. ಇವು ನಾಲ್ಕೂ ಒಂದೇ ಹೆಂಗಸಿನ ಕಥೆಯನ್ನ ಬೇರೆಯವರಿಗೆ ಅರ್ಥವಾಗೋ ಭಾಷೆಗೆ ತಂದವು. ತರುವಾಗ ಪ್ರತಿಯೊಂದೂ ಏನೋ ಒಂದನ್ನ ಕೈಬಿಟ್ಟಿದೆ.

ಮೊದಲು ನಡೆದದ್ದೇನು ಅಂತ ನೋಡೋಣ. 1984ರಲ್ಲಿ ರಾಜಸ್ಥಾನ ಸರ್ಕಾರ ಯುನಿಸೆಫ್ ನೆರವಿನಿಂದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮ ಶುರು ಮಾಡಿತು. ಹಳ್ಳಿಗೊಬ್ಬಳು 'ಸಾಥಿನ್', ಅಂದ್ರೆ ಜೊತೆಗಾತಿ. ಕನಿಷ್ಠ ಕೂಲಿ, ಆರೋಗ್ಯ, ಹೆಣ್ಣುಮಕ್ಕಳ ಓದು, ಬಾಲ್ಯವಿವಾಹ, ಇವುಗಳ ಬಗ್ಗೆ ಹಳ್ಳಿಯೊಳಗೇ ಮಾತಾಡೋಳು. ಸಂಬಳ ಅಲ್ಲ, ಗೌರವಧನ. ಭಂವರೀ ದೇವಿ ಭಟೇರಿಯ ಸಾಥಿನ್ ಆಗಿದ್ದರು. 1992ರಲ್ಲಿ ಆಖಾ ತೀಜ್ ಹಬ್ಬಕ್ಕೆ (ನಮ್ಮ ಅಕ್ಷಯ ತೃತೀಯ, ನಮಗೆ ಚಿನ್ನದಂಗಡಿ ಜಾಹೀರಾತು, ಅಲ್ಲಿ ಸಾಮೂಹಿಕ ಮದುವೆಗಳ ದಿನ) ಮುಂಚೆ ಬಾಲ್ಯವಿವಾಹ ತಡೆಯಬೇಕು ಅಂತ ಸರ್ಕಾರವೇ ಅಭಿಯಾನ ನಡೆಸಿತು. ಸಾಥಿನ್‌ಗಳಿಗೆ ಕೆಲಸ ಹಚ್ಚಿತು. ಆಕೆಯ ಹಳ್ಳಿಯಲ್ಲಿ ಬಲಾಢ್ಯ ಜಾತಿಯ ಮನೆಯೊಂದರಲ್ಲಿ ವರ್ಷ ತುಂಬದ ಹೆಣ್ಣುಕೂಸಿಗೆ ಮದುವೆ ಗೊತ್ತಾಗಿತ್ತು. ಆಕೆ ಹೋಗಿ ಬೇಡ ಅಂದರು. ಅಧಿಕಾರಿಗಳಿಗೂ ಸುದ್ದಿ ಹೋಯಿತು, ಪೊಲೀಸರು ಬಂದರು. ಮದುವೆ ಆ ದಿನ ನಿಂತಿತು. ಆ ರಾತ್ರಿಯೇ ನಡೆದೂ ಹೋಯಿತು.

ಪೊಲೀಸರು ವಾಪಸ್ ಹೋದರು, ಭಂವರೀ ದೇವಿ ಅದೇ ಹಳ್ಳಿಯಲ್ಲಿ ಉಳಿದರು. ಜನ ಆಕೆಯ ಮನೆಯ ಮಡಕೆ ಕೊಳ್ಳೋದು ಬಿಟ್ಟರು, ಹಾಲು ಕೊಡೋದು ಬಿಟ್ಟರು. ಸೆಪ್ಟೆಂಬರ್ 22ರ ಸಂಜೆ ಗಂಡ ಹೆಂಡತಿ ಹೊಲದಲ್ಲಿದ್ದಾಗ ಐದು ಜನ ಬಂದರು. ಗಂಡನನ್ನ ಹೊಡೆದು ಹಿಡಿದಿಟ್ಟುಕೊಂಡರು, ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು.

ಆಮೇಲಿನ ಅಲೆದಾಟ ಬೇರೆಯದೇ ಒಂದು ನರಕ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮಹಿಳಾ ವೈದ್ಯರಿಲ್ಲ, ಅಲ್ಲಿಂದ ಜೈಪುರಕ್ಕೆ. ಜೈಪುರದಲ್ಲಿ ಮ್ಯಾಜಿಸ್ಟ್ರೇಟರ ಆದೇಶ ಬೇಕು ಅಂದರು. ತಪಾಸಣೆ ಆಗೋ ಹೊತ್ತಿಗೆ ಎರಡು ದಿನ ಕಳೆದಿತ್ತು. ಪೊಲೀಸ್ ಠಾಣೆಯಲ್ಲಿ ಉಟ್ಟ ಲೆಹೆಂಗಾವನ್ನೇ ಸಾಕ್ಷ್ಯ ಅಂತ ಬಿಚ್ಚಿಸಿಕೊಂಡರು. ನಡುರಾತ್ರಿ ಗಂಡನ ತಲೆಯ ಸಾಫಾವನ್ನ ಸುತ್ತಿಕೊಂಡು ಆಕೆ ಠಾಣೆಯಿಂದ ಹೊರಗೆ ಬರಬೇಕಾಯ್ತು.

ಈಗ ಸಿನಿಮಾ. ನಂದಿತಾ ದಾಸ್ ಸಾಂವರಿಯ ಪಾತ್ರ ಮಾಡಿದಾರೆ, ರಘುಬೀರ್ ಯಾದವ್ ಗಂಡ. ಇವರಿಬ್ಬರ ಅಭಿನಯದಲ್ಲಿ ನನಗೆ ಯಾವ ತಕರಾರೂ ಇಲ್ಲ. ಅದರಲ್ಲೂ ರಘುಬೀರ್ ಯಾದವ್, ಹೆಂಡತಿಯನ್ನ ಕಾಪಾಡಲಾಗದ ಗಂಡ ಅನ್ನೋ ಅವಮಾನವನ್ನ ಹೊತ್ತುಕೊಂಡೂ ಅವಳ ಪಕ್ಕದಿಂದ ಕದಲದ ಒಬ್ಬ ಬಡವನನ್ನ ಕಣ್ಣೆದುರು ನಿಲ್ಲಿಸ್ತಾರೆ. ನಮ್ಮ ಸಿನಿಮಾಗಳಲ್ಲಿ ಅತ್ಯಾಚಾರದ ನಂತರದ ಗಂಡ ಒಂದೋ ಸೇಡಿಗೆ ಹೊರಡ್ತಾನೆ, ಇಲ್ಲ ಬಿಟ್ಟು ಹೋಗ್ತಾನೆ. ಇಲ್ಲಿ ಅವನು ಜೊತೆಗೆ ನಡೀತಾನೆ ಅಷ್ಟೆ. ಅಷ್ಟು ಸಾಕು ನನಗೆ.

ತಕರಾರಿರೋದು ಎಮಿ ಬಗ್ಗೆ. ಎಮಿ ಅನ್ನೋಳು ಪರದೇಶದಿಂದ ಬಂದ ಬರಹಗಾರ್ತಿ. ಘಟನೆ ನಡೆದು ಕೆಲವು ವರ್ಷಗಳ ಮೇಲೆ, ರವಿ ಅನ್ನೋ ಭಾರತೀಯ ಗೆಳೆಯನನ್ನ ದುಭಾಷಿಯಾಗಿ ಕಟ್ಟಿಕೊಂಡು ರಾಜಸ್ಥಾನಕ್ಕೆ ಬರ್ತಾಳೆ. ಸಾಂವರಿಯ ಕಥೆ ನಮಗೆ ತಲುಪೋದು ಎಮಿಯ ಹುಡುಕಾಟದ ಮೂಲಕ. ಅಂದ್ರೆ ಸಾಂವರಿಗೆ ಏನಾಯ್ತು ಅನ್ನೋದಕ್ಕಿಂತ ಮೊದಲು, ಅದನ್ನ ಕೇಳಿ ಎಮಿಗೆ ಏನನ್ನಿಸ್ತು ಅನ್ನೋದು ಮುಖ್ಯವಾಗುತ್ತೆ. ಅವಳು ದಂಗಾಗ್ತಾಳೆ, ನಾವೂ ದಂಗಾಗಬೇಕು. ಸಿನಿಮಾದ ಒಳಗೇ ಒಬ್ಬ ಪ್ರೇಕ್ಷಕಿಯನ್ನ ಕೂರಿಸಿ, ಯಾವಾಗ ಅಳಬೇಕು ಅಂತ ನಮಗೆ ಕೈಸನ್ನೆ ಮಾಡಿಸಿದ ಹಾಗೆ. ಸಾಂವರಿ ಪಕ್ಕದಲ್ಲಿ ಶೋಭಾ ಇದ್ದಾರೆ. ದೀಪ್ತಿ ನವಲ್ ಮಾಡಿರೋ ಆ ಪಾತ್ರ ಕಾರ್ಯಕ್ರಮದ ಕಡೆಯಿಂದ ಬಂದ ಹೆಂಗಸು, ಸಾಂವರಿಯನ್ನ ಸಾಥಿನ್ ಮಾಡಿದ್ದೇ ಅವರು. ಕಥೆಯನ್ನ ಶೋಭಾ ಕಣ್ಣಿನಿಂದ ಹೇಳಿದ್ದರೆ ಎಂಥ ಸಿನಿಮಾ ಆಗ್ತಿತ್ತು! ಆಗ ಪ್ರಶ್ನೆ 'ಅಯ್ಯೋ, ಇಂಥದ್ದೂ ನಡೆಯುತ್ತಾ' ಅನ್ನೋದಾಗಿರ್ತಿರಲಿಲ್ಲ. 'ಇವಳನ್ನ ಆ ಮನೆ ಬಾಗಿಲಿಗೆ ಕಳಿಸಿದವರು ನಾವು, ಈಗ ಏನು ಮಾಡ್ತೀವಿ' ಅನ್ನೋದಾಗಿರ್ತಿತ್ತು.

ಇದು ಮೂಂಧ್ರಾ ಅವರಿಗೆ ಹೊಳೆಯದ ವಿಷಯವೇನಲ್ಲ ಅನ್ನೋದೇ ನನಗೆ ಬೇಜಾರು. 1984ರಲ್ಲಿ ಇದೇ ನಿರ್ದೇಶಕರು ವಿಜಯ್ ತೆಂಡೂಲ್ಕರ್ ಅವರ 'ಕಮಲಾ' ನಾಟಕವನ್ನ ಸಿನಿಮಾ ಮಾಡಿದ್ದರು. ಹೆಣ್ಣುಮಕ್ಕಳ ಮಾರಾಟ ನಡೆಯುತ್ತೆ ಅಂತ ತೋರಿಸೋಕೆ ಪತ್ರಕರ್ತನೊಬ್ಬ ಒಬ್ಬಳನ್ನ ಕೊಂಡುಕೊಂಡೇ ಬಂದು, ಪತ್ರಿಕಾಗೋಷ್ಠಿಯಲ್ಲಿ ನಿಲ್ಲಿಸ್ತಾನೆ. ಅವಳ ಕಥೆ ಅವನಿಗೆ ಹೆಸರು ತರುತ್ತೆ, ಅವಳಿಗೆ ಏನನ್ನೂ ತರಲ್ಲ. ನೊಂದವರ ಕಥೆಯನ್ನ ದೊಡ್ಡ ಊರಿಗೆ ಹೊತ್ತು ತರೋರ ಮೇಲೆ ಅದಕ್ಕಿಂತ ಕಟುವಾದ ನಾಟಕ ನಮ್ಮಲ್ಲಿ ಕಡಿಮೆ. ಅಲ್ಲಿ ಕಮಲಾ ಆಗಿದ್ದೂ ದೀಪ್ತಿ ನವಲ್. ಹದಿನಾರು ವರ್ಷ ಬಿಟ್ಟು ಅದೇ ನಿರ್ದೇಶಕರು ಅದೇ ನಟಿಯನ್ನ ಪಕ್ಕಕ್ಕೆ ಕೂರಿಸಿ, ಈ ಸಲ ಪತ್ರಕರ್ತೆಯನ್ನ ಒಳ್ಳೆಯವಳನ್ನಾಗಿ ಮಾಡಿಬಿಟ್ಟರು. ಎಮಿಯನ್ನ ಸಿನಿಮಾ ಒಂದು ಸಲವೂ ಗಟ್ಟಿಯಾಗಿ ಪ್ರಶ್ನೆ ಮಾಡಲ್ಲ.

ಯಾಕೆ ಅಂತ ಊಹಿಸೋದು ಕಷ್ಟವಲ್ಲ. ನಡುವಿನ ವರ್ಷಗಳಲ್ಲಿ ಮೂಂಧ್ರಾ ಅಮೆರಿಕದಲ್ಲಿ ಸಣ್ಣ ಬಜೆಟ್ಟಿನ ಥ್ರಿಲ್ಲರ್‌ಗಳನ್ನ ಮಾಡಿಕೊಂಡಿದ್ದರು. 'ಬವಂಡರ್' ಇಲ್ಲಿಯ ಥಿಯೇಟರಿಗಿಂತ ಹೊರದೇಶದ ಚಿತ್ರೋತ್ಸವಗಳನ್ನ ಕಣ್ಣಲ್ಲಿಟ್ಟುಕೊಂಡ ಸಿನಿಮಾ. ಆ ಪ್ರೇಕ್ಷಕರಿಗೆ ಕೈಹಿಡಿದು ಕರ್ಕೊಂಡು ಹೋಗೋಕೆ ಒಬ್ಬಳು ಎಮಿ ಬೇಕಿತ್ತು. ಮುಂದೆ 2006ರಲ್ಲಿ ಅವರು ಐಶ್ವರ್ಯಾ ರೈ ಅವರನ್ನ ಹಾಕ್ಕೊಂಡು 'ಪ್ರೊವೋಕ್ಡ್' ಮಾಡಿದರು, ಇಂಗ್ಲೆಂಡಿನಲ್ಲಿ ಗಂಡನ ಹಿಂಸೆ ತಾಳಲಾರದೆ ಅವನಿಗೆ ಬೆಂಕಿ ಹಚ್ಚಿದ ಕಿರಣ್‌ಜಿತ್ ಅಹ್ಲುವಾಲಿಯಾ ಅವರ ಕಥೆ. ಅಲ್ಲಿ ಎಮಿ ಇಲ್ಲ. ನಡೆದದ್ದು ಇಂಗ್ಲೆಂಡಿನಲ್ಲೇ ಆದ್ದರಿಂದ ಅವಳ ಅಗತ್ಯ ಬೀಳಲಿಲ್ಲ. ಎರಡನ್ನೂ ಒಂದೇ ವಾರದಲ್ಲಿ ನೋಡಿ, ವ್ಯತ್ಯಾಸ ಎದ್ದು ಕಾಣುತ್ತೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಒಂದು ಸಿನಿಮಾದ ಬಗ್ಗೆ ಗೊಣಗಾಟ ಆಗ್ತಿತ್ತು. ಆದರೆ ಎಮಿ ಬರೀ ಸಿನಿಮಾದಲ್ಲಿಲ್ಲ. ನಮ್ಮ ಕಾನೂನಿನ ಒಳಗೂ ಒಬ್ಬಳು ಎಮಿ ಇದ್ದಾಳೆ, ಮತ್ತು ಅಲ್ಲಿ ಅವಳು ನಿಜವಾಗಿ ಉಪಯೋಗಕ್ಕೆ ಬಂದಳು. ಅದನ್ನೂ ಹೇಳಬೇಕು.

'ಸೀಡಾ' ಅಂತ ಕರೆಯೋ ವಿಶ್ವಸಂಸ್ಥೆಯ ಒಪ್ಪಂದ ಇದೆಯಲ್ಲ, ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿವಾರಣೆಗೆ ಮಾಡಿಕೊಂಡದ್ದು, ಅದು 1979ರದು. ಕುತೂಹಲದ ವಿಷಯ ಅಂದ್ರೆ ಅದರ ಮೂಲ ಪಠ್ಯದಲ್ಲಿ ಹೆಣ್ಣಿನ ಮೇಲಿನ ಹಿಂಸೆಯ ಬಗ್ಗೆ ನೇರ ಮಾತೇ ಇಲ್ಲ. ಓದು, ಕೆಲಸ, ಮತದಾನ, ಮದುವೆ, ಸಾಲ ಎಲ್ಲ ಇದೆ. ಹೊಡೆತ ಇಲ್ಲ, ಅತ್ಯಾಚಾರ ಇಲ್ಲ. ಆ ಕೊರತೆಯನ್ನ ತುಂಬಿದ್ದು 1992ರಲ್ಲಿ ಬಂದ 19ನೇ ಸಾಮಾನ್ಯ ಶಿಫಾರಸು. ಹಿಂಸೆಯೂ ತಾರತಮ್ಯವೇ, ಕೆಲಸದ ಜಾಗದ ಲೈಂಗಿಕ ಕಿರುಕುಳ ಉದ್ಯೋಗದ ಸಮಾನತೆಯನ್ನೇ ಹಾಳು ಮಾಡುತ್ತೆ ಅಂತ ಅದು ಹೇಳಿತು. ಭಟೇರಿಯಲ್ಲಿ ಮದುವೆ ತಡೆಯೋಕೆ ಆಕೆ ಹೋದ ವರ್ಷವೇ ಅದು. ಭಾರತ ಒಪ್ಪಂದವನ್ನ ಅನುಮೋದಿಸಿದ್ದು 1993ರ ಜುಲೈನಲ್ಲಿ.

1997ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಪರಿಸ್ಥಿತಿ ಹೀಗಿತ್ತು: ಕೆಲಸದ ಜಾಗದಲ್ಲಿ ಕಿರುಕುಳ ಆದರೆ ಅದಕ್ಕೆ ಅಂತ ಪ್ರತ್ಯೇಕ ಕಾನೂನೇ ಇರಲಿಲ್ಲ. ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಸುಜಾತಾ ಮನೋಹರ್, ಬಿ.ಎನ್. ಕಿರ್ಪಾಲ್ ಅವರ ಪೀಠ ಒಂದು ಜಾಣ ದಾರಿ ಹುಡುಕಿತು. ದೇಶದಲ್ಲಿ ಕಾನೂನು ಇಲ್ಲದ ಕಡೆ, ನಮ್ಮ ಮೂಲಭೂತ ಹಕ್ಕುಗಳಿಗೆ ಹೊಂದೋ ಅಂತರರಾಷ್ಟ್ರೀಯ ಒಪ್ಪಂದವನ್ನ ಆ ಹಕ್ಕುಗಳ ಒಳಗೇ ಓದಿಕೊಳ್ಳಬಹುದು ಅಂದಿತು. ಸೀಡಾದ ಉದ್ಯೋಗದ ವಿಧಿ, ಆ 19ನೇ ಶಿಫಾರಸು, 1995ರ ಬೀಜಿಂಗ್ ಸಮ್ಮೇಳನದಲ್ಲಿ ಭಾರತ ಸರ್ಕಾರ ಕೊಟ್ಟು ಬಂದ ಮಾತು, ಎಲ್ಲವನ್ನೂ ಸೇರಿಸಿ ಮಾರ್ಗಸೂಚಿ ಬರೆಯಿತು. ಸಂಸತ್ತು ಕಾನೂನು ಮಾಡೋವರೆಗೆ ಇದೇ ಕಾನೂನು ಅಂದಿತು. ಸಂಸತ್ತಿಗೆ ಹದಿನಾರು ವರ್ಷ ಬೇಕಾಯ್ತು.

ಹಾಗಾಗಿ 'ಈ ವಿಶ್ವಸಂಸ್ಥೆ ಒಪ್ಪಂದಗಳೆಲ್ಲ ಬರೀ ಕಾಗದ' ಅನ್ನೋರ ಮಾತನ್ನ ನಾನು ಒಪ್ಪಲ್ಲ. ಈ ಕಾಗದ ಕೆಲಸ ಮಾಡಿದೆ. ನ್ಯೂಯಾರ್ಕಿನಲ್ಲಿ ಬರೆದದ್ದು ಬೆಂಗಳೂರಿನ ಆಫೀಸಿನ ನೋಟಿಸ್ ಬೋರ್ಡಿಗೆ ಬಂದಿದೆ. 'ಇದೆಲ್ಲ ಪಶ್ಚಿಮದವರು ನಮ್ಮ ಮೇಲೆ ಹೇರಿದ್ದು' ಅನ್ನೋ ಇನ್ನೊಂದು ಮಾತಂತೂ ತಮಾಷೆ. ಸೀಡಾಕ್ಕೆ 1980ರಲ್ಲೇ ಸಹಿ ಹಾಕಿದ ಅಮೆರಿಕ ಇವತ್ತಿಗೂ ಅದನ್ನ ಅನುಮೋದಿಸಿಲ್ಲ. ಯುರೋಪಿನ ಇಸ್ತಾಂಬುಲ್ ಒಪ್ಪಂದಕ್ಕೆ ತನ್ನ ಊರಿನ ಹೆಸರನ್ನೇ ಕೊಟ್ಟು, ಎಲ್ಲರಿಗಿಂತ ಮೊದಲು ಅನುಮೋದಿಸಿದ ಟರ್ಕಿ 2021ರಲ್ಲಿ ಹೊರಗೆ ಹೋಯಿತು.

ಆದರೆ ವಿಶಾಖಾ ತೀರ್ಪನ್ನ ಒಮ್ಮೆ ಪೂರ್ತಿ ಓದಿ. ದೊಡ್ಡದೇನಲ್ಲ, ಒಂದು ಕಾಫಿ ಕುಡಿಯೋ ಹೊತ್ತಿಗೆ ಮುಗಿಯುತ್ತೆ. ಅದರಲ್ಲಿ ಭಂವರೀ ದೇವಿಯ ಹೆಸರಿಲ್ಲ. ರಾಜಸ್ಥಾನದ ಹಳ್ಳಿಯೊಂದರಲ್ಲಿ ಒಬ್ಬ ಸಮಾಜ ಸೇವಕಿಯ ಮೇಲೆ ನಡೆದಿದೆ ಎನ್ನಲಾದ ಸಾಮೂಹಿಕ ಅತ್ಯಾಚಾರವೇ ಈ ಅರ್ಜಿಗೆ ತಕ್ಷಣದ ಕಾರಣ ಅಂತ ಹೇಳಿ, ಅದು ಬೇರೆ ಕ್ರಿಮಿನಲ್ ಮೊಕದ್ದಮೆಯ ವಿಷಯವಾದ್ದರಿಂದ ನಾವು ಅದನ್ನ ಇನ್ನು ಪ್ರಸ್ತಾಪಿಸೋ ಅಗತ್ಯವಿಲ್ಲ ಅಂತ ಮುಂದೆ ಹೋಗುತ್ತೆ. ಕಾನೂನಿನ ಲೆಕ್ಕದಲ್ಲಿ ಇದು ಸರಿ. ಒಂದು ಕೋರ್ಟಿನ ಮುಂದಿರೋ ಕೇಸಿನ ಬಗ್ಗೆ ಇನ್ನೊಂದು ಕೋರ್ಟು ಮಾತಾಡಬಾರದು. ಆದರೆ ಓದುಗಳಾಗಿ ನನಗೆ ಆ ವಾಕ್ಯದ ಹತ್ತಿರ ಬಂದಾಗಲೆಲ್ಲ ಮುಂದೆ ಓದೋಕೆ ಒಂದು ಕ್ಷಣ ಬೇಕಾಗುತ್ತೆ. ನಮ್ಮ ಟ್ರೈನಿಂಗ್ ಸ್ಲೈಡಿಗೆ ಹೆಸರು ಮರೆತುಹೋಗಿದ್ದಲ್ಲ. ಅದು ತೀರ್ಪಿನಿಂದಲೇ ಆ ಮೌನವನ್ನ ಬಳುವಳಿಯಾಗಿ ಪಡೆದಿದೆ.

ಆ 'ಬೇರೆ ಮೊಕದ್ದಮೆ' ಏನಾಯ್ತು? ಆರೋಪಿಗಳಿಗೆ ಜಾಮೀನು ನಿರಾಕರಿಸುವಾಗ 1993ರಲ್ಲಿ ರಾಜಸ್ಥಾನ ಹೈಕೋರ್ಟ್, ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ ಸೇಡಿಗಾಗಿ ನಡೆದ ಸಾಮೂಹಿಕ ಅತ್ಯಾಚಾರ ಇದು ಅಂತ ಹೇಳಿತ್ತು. ಆದರೆ 1995ರ ನವೆಂಬರಿನಲ್ಲಿ ಜೈಪುರದ ವಿಚಾರಣಾ ನ್ಯಾಯಾಲಯ ಐವರನ್ನೂ ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ಮೇಲ್ಜಾತಿಯ ಗಂಡಸು ಕೆಳಜಾತಿಯ ಹೆಂಗಸನ್ನ ಮುಟ್ಟಿ ಮೈಲಿಗೆ ಮಾಡಿಕೊಳ್ಳಲ್ಲ ಅನ್ನೋದು, ಚಿಕ್ಕಪ್ಪ ಮತ್ತು ಅಣ್ಣನ ಮಗ ಒಟ್ಟಿಗೆ ಇಂಥ ಕೃತ್ಯ ಮಾಡಲ್ಲ ಅನ್ನೋದು ಆ ತೀರ್ಪಿನ ತರ್ಕ. ತಿಂಗಳುಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಬೀಜಿಂಗಿನಲ್ಲಿ ನಮ್ಮ ಸರ್ಕಾರ ಮಾತು ಕೊಟ್ಟದ್ದು ಸೆಪ್ಟೆಂಬರ್ 1995ರಲ್ಲಿ. ಜೈಪುರದ ತೀರ್ಪು ಬಂದದ್ದು ಎರಡು ತಿಂಗಳ ಮೇಲೆ. ಬೀಜಿಂಗಿನ ಮಾತು ಸುಪ್ರೀಂ ಕೋರ್ಟಿನ ತೀರ್ಪಿಗೆ ದಾರಿ ಕಂಡುಕೊಂಡಿತು. ಜೈಪುರದ ಕೋರ್ಟಿಗೆ ಅದು ತಲುಪಲೇ ಇಲ್ಲ. ಮೇಲ್ಮನವಿ ಹೈಕೋರ್ಟಿನಲ್ಲಿ ಕೂತಿತು. 2007ರ ಹೊತ್ತಿಗೆ, ಘಟನೆ ನಡೆದು ಹದಿನೈದು ವರ್ಷವಾದರೂ ಆಗಿದ್ದದ್ದು ಒಂದೇ ವಿಚಾರಣೆ, ಅಷ್ಟರಲ್ಲಿ ಆರೋಪಿಗಳಲ್ಲಿ ಇಬ್ಬರು ತೀರಿಕೊಂಡಿದ್ದರು.

ಹೆಸರಿನ ಬಗ್ಗೆ ಒಂದು ಮಾತು. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡಬಾರದು ಅನ್ನೋ ಕಾನೂನಿದೆ, ಇರಬೇಕು. ಸಿನಿಮಾ ಹೆಸರು ಬದಲಾಯಿಸಿದ್ದರ ಹಿಂದೆ ಅಂಥ ಎಚ್ಚರ ಇದ್ದಿರಬಹುದು. ಆದರೆ ಭಂವರೀ ದೇವಿ ಮುಖ ಮುಚ್ಚಿಕೊಂಡವರಲ್ಲ. ತಮ್ಮದೇ ಹೆಸರಿನಲ್ಲಿ ಸಭೆಗಳಲ್ಲಿ ಮಾತಾಡಿದರು, ತಮ್ಮದೇ ಹೆಸರಿನಲ್ಲಿ ನೀರಜಾ ಭನೋಟ್ ಪ್ರಶಸ್ತಿ ತಗೊಂಡರು. ಆಕೆಗೆ ಬೇಡವಾದ ಪರದೆಯನ್ನ ನಮ್ಮ ಅನುಕೂಲಕ್ಕೆ ನಾವು ಹಾಕ್ತಿದೀವಿ. ಆ ಹೆಸರು ಬಂದರೆ ಅದರ ಜೊತೆ ಜಾತಿ ಬರುತ್ತೆ, ಹಳ್ಳಿ ಬರುತ್ತೆ, ಖುಲಾಸೆ ಬರುತ್ತೆ. ಸ್ಲೈಡಿನಲ್ಲಿ ಇದಕ್ಕೆಲ್ಲ ಜಾಗ ಇಲ್ಲ.

ನವೆಂಬರ್ 25 ಬಂತೂಂದ್ರೆ ಆಫೀಸುಗಳಲ್ಲಿ ಕಿತ್ತಳೆ ಬಣ್ಣದ ಕುರ್ತಾ ಹಾಕ್ಕೊಂಡು ಫೋಟೋ ತೆಗೆಸಿಕೊಳ್ತೀವಲ್ಲ, ಹೆಣ್ಣಿನ ಮೇಲಿನ ಹಿಂಸೆ ನಿರ್ಮೂಲನದ ದಿನ, ಅಲ್ಲೂ ಇದೇ ಕಥೆ. ಅದು ಡೊಮಿನಿಕನ್ ರಿಪಬ್ಲಿಕ್ಕಿನ ಮಿರಾಬಲ್ ಸಹೋದರಿಯರನ್ನ ಸರ್ವಾಧಿಕಾರಿ ಟ್ರುಹಿಯೊನ ಆಳುಗಳು ಕೊಂದ ದಿನ, 1960ರಲ್ಲಿ. ಅವರು ಸರ್ಕಾರದ ವಿರುದ್ಧ ರಾಜಕೀಯ ಮಾಡಿದ ಹೆಂಗಸರು. ಲ್ಯಾಟಿನ್ ಅಮೆರಿಕದ ಸ್ತ್ರೀವಾದಿಗಳು 1981ರಲ್ಲಿ ಆ ದಿನವನ್ನ ಹಿಡಿದರು, ವಿಶ್ವಸಂಸ್ಥೆ 1999ರಲ್ಲಿ ಒಪ್ಪಿಕೊಂಡಿತು. ನಮ್ಮ ಕೈಗೆ ಬರೋ ಹೊತ್ತಿಗೆ ಉಳಿದದ್ದು ಬಣ್ಣ.

ಇನ್ನೊಂದು ವಿಷಯ ಸಿನಿಮಾದಲ್ಲೂ ಇಲ್ಲ, ಸ್ಲೈಡಿನಲ್ಲೂ ಇಲ್ಲ, ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಅದೇ. ಸೀಡಾವನ್ನ ಅನುಮೋದಿಸುವಾಗ ಭಾರತ ಕೆಲವು ಷರತ್ತುಗಳನ್ನ ಜೋಡಿಸಿತು. ಹೆಣ್ಣು ಗಂಡಿನ ಬಗೆಗಿನ ಸಾಮಾಜಿಕ ರೂಢಿಗಳನ್ನ ಬದಲಿಸಬೇಕು ಅನ್ನೋ ವಿಧಿಗೆ ನಮ್ಮ ಉತ್ತರ: ಯಾವುದೇ ಸಮುದಾಯದ ಖಾಸಗಿ ವಿಷಯದಲ್ಲಿ, ಅವರಾಗಿ ಮುಂದೆ ಬಂದು ಒಪ್ಪದ ಹೊರತು, ನಾವು ತಲೆ ಹಾಕಲ್ಲ. 16ನೇ ವಿಧಿಯ ಎರಡನೇ ಭಾಗ ಬಾಲ್ಯವಿವಾಹಕ್ಕೆ ಕಾನೂನಿನ ಬೆಲೆ ಇಲ್ಲ ಅನ್ನುತ್ತೆ, ಮದುವೆಗಳ ನೋಂದಣಿ ಕಡ್ಡಾಯ ಮಾಡಬೇಕು ಅನ್ನುತ್ತೆ. ಅದಕ್ಕೆ ನಮ್ಮ ಉತ್ತರ: ತತ್ವದಲ್ಲಿ ಕಡ್ಡಾಯ ನೋಂದಣಿಯನ್ನ ಪೂರ್ತಿ ಒಪ್ತೀವಿ, ಆದರೆ ಇಷ್ಟು ಆಚಾರ, ಇಷ್ಟು ಧರ್ಮ, ಇಂಥ ಸಾಕ್ಷರತೆ ಇರೋ ದೊಡ್ಡ ದೇಶದಲ್ಲಿ ಅದು ಆಗೋ ಮಾತಲ್ಲ.

ಈಗ ಭಟೇರಿಯನ್ನ ನೆನಪು ಮಾಡಿಕೊಳ್ಳಿ. ಒಂದು ಸಮುದಾಯದ ಮದುವೆ ಮನೆಗೆ, ಅವರು ಕರೆಯದೆ, ಅವರು ಒಪ್ಪದೆ, ಸರ್ಕಾರದ ಪರವಾಗಿ ಒಬ್ಬ ಕುಂಬಾರರ ಹೆಂಗಸು ಹೋಗಿ ನಿಂತಿದ್ದರು. ಅದಾದ ಮರುವರ್ಷವೇ, ಆಕೆ ನ್ಯಾಯಕ್ಕಾಗಿ ಅಲೀತಿರುವಾಗಲೇ, ಅದೇ ದೇಶ ಜಗತ್ತಿನ ಮುಂದೆ 'ನಾವು ಅಂಥ ಮನೆಗಳಿಗೆ ಹೋಗಲ್ಲ' ಅಂತ ಬರೆದುಕೊಟ್ಟಿತು. ದಿಲ್ಲಿಯವರು ಕಾಗದದಲ್ಲಿ ತಗೊಳ್ಳೋಕೆ ಹೆದರಿದ ಅಪಾಯವನ್ನ ಆಕೆಯ ಮೈಮೇಲೆ ಹಾಕಿದ್ದರು. ಆಕೆಗೆ ಸಾಥಿನ್ ಕೆಲಸ ಕೊಟ್ಟ ಕಾರ್ಯಕ್ರಮಕ್ಕೆ ಹೊರಗಿನ ನೆರವು ಬಂತು, ಆಕೆಯ ಹೆಸರಿಲ್ಲದ ತೀರ್ಪಿಗೆ ಹೊರಗಿನ ಒಪ್ಪಂದ ಬಂತು. ನಡುವಿನ ಹೊಲದಲ್ಲಿ ಆಕೆ ಒಬ್ಬರೇ ಇದ್ದರು. ದೇಶದೇಶಗಳ ಸಹಕಾರ ಅಂದ್ರೆ ನನಗೆ ಈಗ ಮೊದಲು ಕಾಣೋದು ಈ ನಡುವಿನ ಜಾಗ.

ನ್ಯಾಯವಾಗಿ ಹೇಳಬೇಕಂದ್ರೆ ನಾವು ಅಲ್ಲೇ ನಿಂತಿಲ್ಲ. ಕರ್ನಾಟಕವನ್ನೇ ತಗೊಳ್ಳಿ, 2016ರ ತಿದ್ದುಪಡಿಯಿಂದ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಬೇರೆ ಹೆಚ್ಚಿನ ಕಡೆ ಹುಡುಗಿಯೋ ಹುಡುಗನೋ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು, ಇಲ್ಲಿ ಆ ಮದುವೆ ಆಗೇ ಇಲ್ಲ ಅಂತ ಲೆಕ್ಕ. ಸೀಡಾದ ಆ ವಿಧಿ ಕೇಳಿದ್ದು ಇದನ್ನೇ. ಆದರೆ ಯಾವ ಮನೆಯಲ್ಲಿ ಚಪ್ಪರ ಹಾಕ್ತಿದಾರೆ ಅಂತ ಮೊದಲು ಗೊತ್ತಾಗೋದು ಅದೇ ಊರಿನ ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ. ಫೋನ್ ಮಾಡಿದ್ದು ಯಾರು ಅಂತ ಊರಿಗೆ ಗೊತ್ತಾಗೋಕೆ ಹೊತ್ತು ಬೇಕಿಲ್ಲ. ಅಧಿಕಾರಿಗಳ ಜೀಪು ಬರುತ್ತೆ, ಹೋಗುತ್ತೆ. ಅವರಿಗೆ ಸಿಗೋದಕ್ಕೂ ಹೆಸರು ಗೌರವಧನ ಅಂತಲೇ.

2013ರ ಕಾಯ್ದೆ ಇವರನ್ನ ಬಿಟ್ಟಿದೆಯಾ? ಕಾಗದದ ಮೇಲೆ ಇಲ್ಲ. ಸಂಬಳ ಇರಲಿ ಬಿಡಲಿ, ಸ್ವಯಂಸೇವೆಯೇ ಆಗಿರಲಿ, ಕೆಲಸ ಮಾಡೋಳು ಉದ್ಯೋಗಿಯೇ. ಕೆಲಸದ ಮೇಲೆ ಹೋದ ಜಾಗವೂ ಕೆಲಸದ ಜಾಗವೇ. ಕೆಲಸದಲ್ಲಿ ಎದುರಾಗೋ ಹೊರಗಿನವರಿಂದಲೂ ರಕ್ಷಣೆ ಕೊಡೋದು ಉದ್ಯೋಗದಾತರ ಹೊಣೆ ಅಂತ 19ನೇ ಸೆಕ್ಷನ್ ಹೇಳುತ್ತೆ. ಹತ್ತು ಜನಕ್ಕಿಂತ ಕಡಿಮೆ ಇರೋ ಕಡೆಗಳಿಗೆ, ಮನೆಗೆಲಸದವರಿಗೆ, ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ನಮ್ಮ ಆಫೀಸುಗಳಲ್ಲಿ ಆಂತರಿಕ ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರು ಲಿಫ್ಟಿನ ಪಕ್ಕ ಅಂಟಿಸಿರ್ತಾರೆ. ಜಿಲ್ಲೆಯ ಸಮಿತಿಗಳ ಪಾಡು ಬೇರೆ. 2023ರಲ್ಲಿ ಸುಪ್ರೀಂ ಕೋರ್ಟೇ ಈ ಕಾಯ್ದೆ ಜಾರಿಯಾಗಿರೋ ರೀತಿ ಕಂಡು ಬೇಸರ ಪಟ್ಟಿತು. 2024ರ ಡಿಸೆಂಬರಿನಲ್ಲಿ, ಅಂದ್ರೆ ಕಾಯ್ದೆ ಬಂದು ಹನ್ನೊಂದು ವರ್ಷದ ಮೇಲೆ, ಜಿಲ್ಲಾ ಅಧಿಕಾರಿಗಳನ್ನ ನೇಮಿಸಿ, ಸ್ಥಳೀಯ ಸಮಿತಿಗಳನ್ನ ರಚಿಸಿ ಅಂತ ರಾಜ್ಯಗಳಿಗೆ ಗಡುವು ಕೊಡಬೇಕಾಯ್ತು. ಒಂದು ಹಳ್ಳಿಯ ಹೊಲದಲ್ಲಿ ಹುಟ್ಟಿದ ಕಾಯ್ದೆ ಲಿಫ್ಟು ಇರೋ ಕಟ್ಟಡಗಳಿಗೆ ಮೊದಲು ತಲುಪಿದೆ. ನನಗೆ ತಲುಪಿದ್ದಕ್ಕೆ ನಾನು ಖುಷಿಯಾಗಿಯೇ ಇದೀನಿ. ಆದರೆ ಈ ಸರದಿ ಸರಿಯಿಲ್ಲ.

ಕಾಯ್ದೆಯ ಕೈಗೆ ಸಿಗದ್ದೂ ಒಂದಿದೆ. ಇದು ಲೈಂಗಿಕ ಕಿರುಕುಳದ ಕಾಯ್ದೆ ಮಾತ್ರ. ಸೆಪ್ಟೆಂಬರಿಗೆ ಮುಂಚಿನ ತಿಂಗಳುಗಳಲ್ಲಿ ಭಂವರೀ ದೇವಿಗೆ ಆದದ್ದು, ಮಡಕೆ ಕೊಳ್ಳದೆ ಇದ್ದದ್ದು, ಹಾಲು ನಿಲ್ಲಿಸಿದ್ದು, ಬೆದರಿಕೆ, ಇದ್ಯಾವುದೂ ಇದರ ಲೆಕ್ಕಕ್ಕೆ ಬರಲ್ಲ. ಬಂದಿದ್ದರೆ, ಕೆಲಸ ಕೊಟ್ಟವರು ಆಗಲೇ ಎದ್ದು ನಿಲ್ಲಬೇಕಾಗ್ತಿತ್ತು. 2019ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಿಕೊಂಡ 190ನೇ ಒಪ್ಪಂದ ಇದನ್ನ ಹಿಡಿಯುತ್ತೆ. ಲೈಂಗಿಕ ಅಲ್ಲದ ಹಿಂಸೆ, ಬೆದರಿಕೆ, ದುಡಿಮೆಯ ದಾರಿಯಲ್ಲಿ ಆಗೋದು, ಹೊರಗಿನವರು ಮಾಡೋದು, ಎಲ್ಲ ಅದರೊಳಗಿದೆ. ಯಾರಿಗೆ ಅನ್ವಯ ಅನ್ನೋ ಪಟ್ಟಿಯಲ್ಲಿ ಸ್ವಯಂಸೇವಕರು ಅನ್ನೋ ಪದ ಸ್ಪಷ್ಟವಾಗಿ ಇದೆ. ಮೊದಲು ಅನುಮೋದಿಸಿದ್ದು ಉರುಗ್ವೆ ಮತ್ತು ಫಿಜಿ. ಭಾರತ ಅನುಮೋದಿಸಿಲ್ಲ. 1997ರಲ್ಲಿ ಮಾಡಿದ ಹಾಗೆ ಇನ್ನೊಂದು ಕೋರ್ಟು ಇದನ್ನ ಹಕ್ಕುಗಳ ಒಳಗೆ ಓದಿಕೊಳ್ಳಬೇಕಂದ್ರೆ, ಅದಕ್ಕೆ ಇನ್ನೊಬ್ಬ ಹೆಂಗಸಿನ ಕೇಸು ಬೇಕಾಗುತ್ತೆ.

'ಬವಂಡರ್' ಸಿಕ್ಕರೆ ನೋಡಿ, ಎಮಿಯ ದೃಶ್ಯಗಳನ್ನ ಸಹಿಸಿಕೊಂಡಾದ್ರೂ. ಆಮೇಲೆ ಊರಿಗೆ ಹೋದಾಗ ಅಲ್ಲಿಯ ಅಂಗನವಾಡಿ ಅಕ್ಕನನ್ನ ಕೇಳಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡೋದು ಹೇಗೆ ಅಂತ ಅವರಿಗೆ ಯಾರಾದ್ರೂ ಹೇಳಿದಾರಾ, ಅವರಿಗೂ ಒಂದು ಟ್ರೈನಿಂಗ್ ಆಗಿದೆಯಾ ಅಂತ.